ಹೊಲಿಗೆ ಹೊರಗಿರಲಿ

ಪರೇಲ, ಮುಂಬಯಿ
10 ಡಿಸೆಂಬರ್ 1944, ಭಾನುವಾರ

ಶಹಾಪುರದ ದರ್ಜಿ ಅಮೀನಸಾಬ ಅವರಿಗೆ,

ನಾಲ್ಕು ವರ್ಷದಿಂದ ಬೀದಿಯಲ್ಲಿ ಎದುರಾದರೆ ಅತ್ತ ಮುಖ ತಿರುಗಿಸಿ ಹೋಗುವ ಮನುಷ್ಯನಿಂದ ಟಪಾಲು ಬಂತೆಂದು ನೀವು ಬೆರಗಾಗಿರಬೇಕು. ಒಂದು ಕೆಲಸವಿದೆ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ದನಿ ಒಡೆದು ಆರು ತಿಂಗಳಾದದ್ದು ಊರಿಗೆಲ್ಲ ಗೊತ್ತು. ಮಗ್ಗಿ ಹೇಳಿಕೊಟ್ಟರೆ ಮುಂದಿನ ಸಾಲಿನ ಹುಡುಗರಿಗೂ ಕೇಳುತ್ತಿರಲಿಲ್ಲ. ಇಲ್ಲಿಯ ದೊಡ್ಡ ದವಾಖಾನೆಯವರು ಗಂಟಲೊಳಗೆ ಸಣ್ಣ ಕನ್ನಡಿ ಇಳಿಸಿ ನೋಡಿ, ಕ್ಯಾನ್ಸರ್ ಎಂದರು. ಇನ್ನೂ ಚಿಕ್ಕದಿದೆ, ಕೊಯ್ಯುವುದು ಬೇಡ, ಎಕ್ಸರೇ ಬೆಳಕು ಕೊಟ್ಟು ಸುಡೋಣ ಎಂದರು. ವಾರಕ್ಕೆ ಐದು ದಿನ, ಒಟ್ಟು ಮೂವತ್ತು ಸಲ. ಹತ್ತು ಆಗಿವೆ. ಗಿರಣಿಯಲ್ಲಿ ಕೆಲಸ ಮಾಡುವ ತಮ್ಮ ಬಾಲಪ್ಪನ ಖೋಲಿಯಲ್ಲಿ ಇದ್ದು ದಿನಾ ದವಾಖಾನೆಗೆ ನಡೆದು ಹೋಗಿ ಬರುತ್ತೇನೆ.

ಬೆಳಕು ತಾಗುವಾಗ ಏನೂ ಗೊತ್ತಾಗುವುದಿಲ್ಲ. ಸಂಕಟವಿರುವುದು ಚರ್ಮದಲ್ಲಿ. ಕುತ್ತಿಗೆಯ ಎರಡೂ ಬದಿ ಬಿಸಿಲಿಗೆ ಸುಟ್ಟಂತೆ ಕೆಂಪಗಾಗಿ, ತುರಿಕೆ ಎದ್ದಿದೆ. ತುರಿಸಬಾರದು. ನೀರು, ಸಾಬೂನು ಮುಟ್ಟಿಸಬಾರದು. ಕ್ಷೌರ ಮಾಡಿಸಬಾರದು. ಡಾಕ್ಟರರು ಗುಲಾಬಿ ಶಾಯಿಯಿಂದ ಕುತ್ತಿಗೆಯ ಮೇಲೆ ಚೌಕ ಬರೆದಿದ್ದಾರೆ, ನೀವು ಬಟ್ಟೆಯ ಮೇಲೆ ಸೀಮೆಸುಣ್ಣದ ಖಡುವಿನಿಂದ ಗೆರೆ ಎಳೆಯುವ ಹಾಗೆಯೇ. ಅದು ಅಳಿಸಬಾರದು. ನನ್ನ ಶೇರವಾನಿಯ ಎತ್ತರದ ಕಾಲರಂತೂ ಮೊದಲ ವಾರವೇ ಗೋಡೆಯ ಮೊಳೆ ಸೇರಿತು. ಅಂಗಿಯ ಕುತ್ತಿಗೆಪಟ್ಟಿ ಕೂಡ ಈಗ ಗರಗಸದಂತೆ ಉಜ್ಜುತ್ತದೆ. ಇಲ್ಲಿಯ ದರ್ಜಿಗೆ ಕಾಲರಿಲ್ಲದ ಅಂಗಿ ಹೊಲಿ ಎಂದೆ. ಹೊಲಿದ. ಒಳಗಿನ ಹೊಲಿಗೆ ಸರಿಯಾಗಿ ಕೆಂಪಾದ ಜಾಗದ ಮೇಲೇ ಬಂದು ಕೂತಿತು.

ನನ್ನ ಅಳತೆ ನಿಮ್ಮಲ್ಲಿದೆ. ಮೆತ್ತನೆಯ ಬಟ್ಟೆಯಲ್ಲಿ, ಕುತ್ತಿಗೆಗೆ ಏನೂ ತಾಗದ ಹಾಗೆ ಎರಡು ಅಂಗಿ ಹೊಲಿದು ಕಳಿಸಿದರೆ ಉಪಕಾರವಾಗುತ್ತದೆ.

ಆ ದಿನ ನಿಮ್ಮ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ನಿಮಗೆ ಬಟ್ಟೆ ಬಿಟ್ಟರೆ ಬೇರೇನೂ ಕಣ್ಣಿಗೆ ಕಾಣುವುದಿಲ್ಲ ಎಂದು ಅಂದಿದ್ದೆ. ನಾಲ್ಕನೇ ಇಯತ್ತೆಯಲ್ಲಿ ಎಲ್ಲರಿಗಿಂತ ಮುಂದಿದ್ದ ಮಗಳನ್ನು ನೀವು ಶಾಲೆ ಬಿಡಿಸಿದಿರೆಂದು ಸಿಟ್ಟು ಬಂದಿತ್ತು. ಮಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಈಗಲೂ ಅದೇ. ಗಿರಾಕಿಗಳ ಮುಂದೆ ಅನ್ನಬಾರದಿತ್ತು, ಅಷ್ಟೇ.

ಇತಿ,
ಮಹಾದೇವಪ್ಪ, ಶಾಲಾ ಮಾಸ್ತರ


ಶಹಾಪುರ
16 ಡಿಸೆಂಬರ್ 1944

ಮಾಸ್ತರ ಮಹಾದೇವಪ್ಪಗೆ ಅಮೀನಸಾಬನ ಸಲಾಮು.

ನೀವು, ನಿಮ್ಮಲ್ಲಿ, ನಿಮಗೆ ಎಂದು ಓದುತ್ತ ಹೋದಂತೆ ಈ ಟಪಾಲು ಬೇರೆ ಯಾವನೋ ಅಮೀನಸಾಬನದ್ದು ಎಂದುಕೊಂಡೆ. ಮಠದ ಕಟ್ಟೆಯ ಮೇಲೆ ಒಂದೇ ಮರಳಿನಲ್ಲಿ ಬೆರಳಾಡಿಸಿ ಅಕ್ಷರ ಕಲಿತವರು ನಾವು. ಜಗಳವಾಡಿದರೂ ನೀನು ಎಂದೇ ಜಗಳವಾಡಿದ್ದೇವೆ. ಇನ್ನು ಮುಂದೆ ಹಾಗೇ ಬರೆ.

ಅಂಗಿಯ ಮಾತು. ಲಡಾಯಿಯ ಕಾಲದಲ್ಲಿ ಹೊಸ ಬಟ್ಟೆ ಸಿಗುವುದೇ ಕಷ್ಟ, ಸಿಕ್ಕರೂ ನಿನಗೆ ಬೇಡ. ಹೊಸದರಲ್ಲಿ ಗಂಜಿ ಇರುತ್ತದೆ, ಕೆರೆಯುತ್ತದೆ. ನಿಮ್ಮ ಮನೆಗೆ ಹೋಗಿ ನಿನ್ನ ಮನೆಯಾಕೆ ಶೇಖಮ್ಮನನ್ನು ಕೇಳಿ ನಿನ್ನ ಹಳೆಯ ಎರಡು ಧೋತರ ತಂದೆ. ಹತ್ತು ವರ್ಷ ಒಗೆದೊಗೆದು ಬೆಣ್ಣೆಯಂತಾಗಿವೆ. ನಾಲ್ಕು ವರ್ಷದ ಮೇಲೆ ನಾನು ನಿನ್ನ ಹೊಸ್ತಿಲು ತುಳಿದದ್ದನ್ನು ನೋಡಿ ಆಕೆ ಚಹಾ ಕುಡಿಸದೆ ಬಿಡಲಿಲ್ಲ.

ಕಾಲರಿಲ್ಲ, ಪಟ್ಟಿಯಿಲ್ಲ. ಕುತ್ತಿಗೆಯನ್ನು ಹೆಗಲವರೆಗೆ ಅಗಲವಾಗಿ ಕತ್ತರಿಸಿದೆ. ಗುಂಡಿ ಹಚ್ಚಿಲ್ಲ, ತಲೆಯ ಮೇಲಿಂದ ಎಳೆದುಕೊಂಡರೆ ತಿಕ್ಕುತ್ತದೆಂದು ಮುಂದೆ ಪೂರ್ತಿ ಸೀಳಿ ಪಕ್ಕಕ್ಕೆ ಕಟ್ಟಿಕೊಳ್ಳಲು ಕಸೆ ಇಟ್ಟಿದ್ದೇನೆ. ಹೊಲಿಗೆಯ ಅಂಚುಗಳೆಲ್ಲ ಹೊರಗೆ. ಒಳಬದಿ ಕೈಯಾಡಿಸಿ ನೋಡು, ಒಂದು ದಾರವೂ ತಾಗುವುದಿಲ್ಲ. ಜನ ಅಂಗಿಯನ್ನು ತಿರುಗಾಮುರುಗಾ ಹಾಕಿಕೊಂಡಿದ್ದಾನೆ ಎನ್ನುತ್ತಾರೆ. ಅನ್ನಲಿ.

ಗಂಟಿನಲ್ಲಿ ಶೇಖಮ್ಮ ಒಂದು ಡಬ್ಬಿ ಇಟ್ಟಿದ್ದಾಳೆ. ಹೊಲಿದ ಕೂಲಿ ನೀನು ಬಂದ ಮೇಲೆ ಜಗಳವಾಡಿ ತೆಗೆದುಕೊಳ್ಳುತ್ತೇನೆ.

ನಿನ್ನ
ಅಮೀನಸಾಬ


ಪರೇಲ
22 ಡಿಸೆಂಬರ್ 1944

ಅಮೀನಸಾಬ,

ಅಂಗಿ ಬಂದವು. ಹಾಕಿಕೊಂಡ ಕೂಡಲೇ ಬಾಲಪ್ಪನ ಹೆಂಡತಿ, ಭಾವನವರು ಅಂಗಿಯ ಒಳಗು ಹೊರಗೆ ಮಾಡಿಕೊಂಡಿದ್ದಾರೆಂದು ಗಂಡನ ಕಿವಿಯಲ್ಲಿ ಹೇಳಿದಳು. ದವಾಖಾನೆಯ ದಾರಿಯಲ್ಲಿ ಗಿರಣಿಯ ಮೂವರು ಮರಾಠಿಯಲ್ಲಿ ಅದನ್ನೇ ಹೇಳಿದರು. ಹಾದುಹೋದ ಟ್ರಾಮಿನ ಕಂಡಕ್ಟರ ಮರುಕದಿಂದ ನೋಡಿದ. ಗಡ್ಡ ಕೆನ್ನೆ, ಗದ್ದದ ಮೇಲೆ ಮಾತ್ರ ಬೆಳೆದಿದೆ, ಬೆಳಕು ಬಿದ್ದ ಕಡೆ ಕೂದಲು ಉದುರಿಹೋಗಿದೆ. ಬಾಲಪ್ಪನ ಮಕ್ಕಳು ನನ್ನನ್ನು ಹೋತ ಎಂದು ಕರೆಯುತ್ತಾರೆ. ಬೇರೆ ಕಡೆ ಈ ಮಾತಿಗೆ ಕಿವಿ ಹಿಂಡುತ್ತಿದ್ದೆ. ಇಲ್ಲಿ ಬ್ಯಾ ಎಂದು ಕೂಗಿ ನಗಿಸುತ್ತೇನೆ, ಇರುವ ದನಿಯಲ್ಲಿ ಅದು ಚೆನ್ನಾಗಿ ಬರುತ್ತದೆ.

ಆದರೆ ನರ್ಸಬಾಯಿ ಅಂಗಿಯನ್ನು ಎರಡೂ ಕೈಯಿಂದ ಹಿಡಿದು ಒಳಗೆ ಹೊರಗೆ ನೋಡಿದಳು. ಯಾರು ಹೊಲಿದದ್ದು ಎಂದು ಕೇಳಿದಳು. ಶಹಾಪುರದ ದರ್ಜಿ ಎಂದೆ. ಬೆಂಚಿನ ಮೇಲೆ ಕೂತವರಿಗೆಲ್ಲ ತೋರಿಸಿದಳು. ಈಗ ನಾಲ್ಕು ಜನ ನನಗೂ ಬೇಕು ಎನ್ನುತ್ತಿದ್ದಾರೆ. ನಿನ್ನೆ ನಾನು ಒಂದು ಸುತಳಿ ಹಿಡಿದು ಅವರ ಹೆಗಲು ಅಳೆದೆ. ನಗಬೇಡ.

ಇಪ್ಪತ್ತು ಸಲ ಮುಗಿಯಿತು. ಕೆಂಪು ಹೋಗಿ ಕಂದು ಬಣ್ಣ ಬಂದಿದೆ, ಚರ್ಮ ಒಣಗಿ ಸಿಪ್ಪೆ ಏಳುತ್ತಿದೆ. ನರ್ಸಬಾಯಿ ಮೆಕ್ಕೆಜೋಳದ ನಯವಾದ ಹಿಟ್ಟನ್ನು ಹತ್ತಿಯಿಂದ ಉದುರಿಸುತ್ತಾಳೆ, ಅಷ್ಟು ಹೊತ್ತು ಸುಖ. ಆಮೇಲೆ ಮತ್ತೆ ಉರಿ. ಶೇಖಮ್ಮನ ಡಬ್ಬಿಯಲ್ಲಿ ಅರಿಶಿನ ಬೆರೆಸಿದ ಹರಳೆಣ್ಣೆ ಇದೆ. ಇನ್ನೂ ಮುಟ್ಟಿಲ್ಲ.

ಒಂದು ಮಾತು. ನೀನು ಬರೆದ ಪತ್ರದಲ್ಲಿ 'ಳ' ಅಕ್ಷರದ ಬಾಲ ಕೆಳಗಿಳಿದು ಎಡಕ್ಕೆ ಮಡಚಿದೆ. ಹಾಗೆ ಬರೆಯಲು ನಾನು ಒಬ್ಬಳಿಗೇ ಬಿಟ್ಟಿದ್ದೆ, ಎಷ್ಟು ತಿದ್ದಿದರೂ ಕೇಳದ್ದಕ್ಕೆ. ಆಕೆ ಚೆನ್ನಾಗಿದ್ದಾಳೆಯೇ?

ಮಹಾದೇವಪ್ಪ


ಶಹಾಪುರ
26 ಡಿಸೆಂಬರ್ 1944

ಮಾಸ್ತರರಿಗೆ ಅನ್ವರಬಿಯ ಸಲಾಮು.

ನಾನು ಚೆನ್ನಾಗಿದ್ದೇನೆ. ಈ ಪತ್ರ ಅಬ್ಬಾಗೆ ಗೊತ್ತಿಲ್ಲ. ಯಾದಗಿರಿ ಸ್ಟೇಷನ್ನಿಗೆ ಟಾಂಗಾ ಹೊಡೆಯುವ ಸಿಕಂದರ ಚಾಚಾನ ಕೈಯಲ್ಲಿ ಕೊಡುತ್ತೇನೆ.

ನಿಮ್ಮ ಮೊದಲ ಪತ್ರವನ್ನು ಓದಿ ಹೇಳಿದವಳು ನಾನೇ. ಕಣ್ಣಿಗೆ ಕಾಣುವುದಿಲ್ಲ ಎಂದು ನೀವು ಅಂದಿದ್ದು ಬಂದಾಗ ಆ ಸಾಲನ್ನು ಬಿಟ್ಟು ಓದಿದೆ. ಅಬ್ಬಾ, ನಡುವೆ ಏನೋ ಬಿಟ್ಟೆಯಲ್ಲ ಎಂದರು. ಆಮೇಲೆ ಓದಿದೆ.

ಮಾಸ್ತರರೇ, ಆ ವರ್ಷವೇ ಅಬ್ಬಾಗೆ ಸೂಜಿಗೆ ದಾರ ಪೋಣಿಸಲು ಆಗದಂತಾಗಿತ್ತು. ಎರಡೂ ಕಣ್ಣಿಗೆ ಮಂಜು ಕಟ್ಟಿದೆ. ಕಣ್ಣು ಕಾಣದ ದರ್ಜಿಗೆ ಬಟ್ಟೆ ಯಾರು ಕೊಡುತ್ತಾರೆ ಎಂದು ಊರಲ್ಲಿ ಯಾರಿಗೂ ತಿಳಿಸಲಿಲ್ಲ. ಅದಕ್ಕೆ ನನ್ನನ್ನು ಶಾಲೆಯಿಂದ ಬಿಡಿಸಿದ್ದು. ಗಿರಾಕಿ ಬಂದಾಗ ಅಬ್ಬಾ ಕತ್ತರಿ ಹಿಡಿದು ಮುಂದೆ ಕೂತಿರುತ್ತಾರೆ. ಕೈಯಿಂದ ಮುಟ್ಟಿ ಅಳತೆ ಹೇಳುತ್ತಾರೆ. ಒಳಗೆ ಹೊಲಿಯುವವಳು ನಾನು. ನಿಮ್ಮ ಅಂಗಿಯೂ ನನ್ನದೇ. ಹೊಲಿಗೆ ಹೊರಗಿರಲಿ ಎಂದು ಹೇಳಿದ್ದು ಮಾತ್ರ ಅಬ್ಬಾ.

ನೀವು ತಪ್ಪು ಎಂದು ಹೇಳಲು ಇದನ್ನು ಬರೆಯಲಿಲ್ಲ. ನಿಮಗೆ ಗೊತ್ತಿರಲಿಲ್ಲ, ಅವರು ಹೇಳಲಿಲ್ಲ.

ನಾಲ್ಕು ಜನರ ಅಳತೆ ಕಳಿಸಿರಿ. ಹಳೆಯ ಧೋತರ ಶೇಖಮ್ಮ ಅವ್ವ ಕೂಡಿಸುತ್ತಿದ್ದಾರೆ. 'ಳ' ಇನ್ನೂ ಹಾಗೇ ಬರುತ್ತದೆ.

ನಿಮ್ಮ ವಿದ್ಯಾರ್ಥಿನಿ,
ಅನ್ವರಬಿ


ಪರೇಲ
31 ಡಿಸೆಂಬರ್ 1944

ಅಮೀನಸಾಬ,

ಈ ಪತ್ರ ಓದಿ ಹೇಳುವವರಿಗೂ ನನ್ನ ಆಶೀರ್ವಾದ. ಅವರ ಪತ್ರ ಮುಟ್ಟಿದೆ ಎಂದು ಅವರಿಗೆ ತಿಳಿದರೆ ಸಾಕು, ಈ ಸಾಲು ಓದಿ ಹೇಳುವುದು ಬೇಡ.

ನಾನು ಊರಿಗೆ ಬರುತ್ತಿದ್ದೇನೆ. ಹೋದ ಮಂಗಳವಾರ ಉರಿ ತಡೆಯಲಾಗದೆ ಡಬ್ಬಿ ತೆಗೆದು ಹಚ್ಚಿಕೊಂಡೆ. ಕೈಯಿಂದ ಚೆನ್ನಾಗಿ ತಿಕ್ಕಿಯೇ ಹಚ್ಚಿದೆ. ಮರುದಿನ ಬೆಳಕು ತೆಗೆದುಕೊಂಡು ಬಂದಾಗ ಬಲಗಡೆಯ ಚರ್ಮ ಎದ್ದುಬಂದು ನೀರು ಸೋರತೊಡಗಿತು. ಬರೆದಿದ್ದ ಚೌಕವೂ ಅಳಿಸಿತು. ಡಾಕ್ಟರರು ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ಔಷಧ ಒಳ್ಳೆಯದೋ ಕೆಟ್ಟದ್ದೋ ಎಂಬುದು ಮಾತಲ್ಲ, ಈ ಚರ್ಮಕ್ಕೆ ತಿಕ್ಕುವುದೇ ಆಗದು, ಎಣ್ಣೆ ಹಚ್ಚಿಕೊಂಡು ಬೆಳಕಿನ ಕೆಳಗೆ ಮಲಗುವುದು ಇನ್ನೂ ಆಗದು ಎಂದರು. ಇಪ್ಪತ್ತೆರಡಕ್ಕೆ ನಿಲ್ಲಿಸಿದ್ದಾರೆ. ಚರ್ಮ ಕೂಡಿಕೊಂಡ ಮೇಲೆ ಉಳಿದ ಎಂಟು.

ಆ ಎಂಟಕ್ಕೆ ನನ್ನಲ್ಲಿ ಧೈರ್ಯ ಉಳಿದಿಲ್ಲ. ಗುಟುಕು ನೀರು ಇಳಿಯುವುದಿಲ್ಲ. ಕುತ್ತಿಗೆ ತಿರುಗಿಸಲು ಆಗುವುದಿಲ್ಲ. ಏಳನೇ ತಾರೀಖಿನ ಭಾನುವಾರದ ಗಾಡಿಗೆ ಬಾಲಪ್ಪನಿಂದ ಟಿಕೆಟು ತರಿಸಿದ್ದೇನೆ. ಶೇಖಮ್ಮನಿಗೆ ಡಬ್ಬಿಯ ಸಂಗತಿ ಹೇಳಬೇಡ.

ನಿನಗೆ ಹೇಳಬೇಕಾದ ಮಾತು ಇನ್ನೊಂದಿದೆ. ಅದನ್ನು ಕಾಗದದ ಮೇಲೆ ಹೇಳಲಾರೆ.

ಮಹಾದೇವಪ್ಪ


ಶಹಾಪುರ
5 ಜನವರಿ 1945

ಮಾಸ್ತರರಿಗೆ ಸಲಾಮು.

ಅಬ್ಬಾ ನಿನ್ನೆ ನಿಮ್ಮ ಕಡೆ ಹೊರಟರು. ಪತ್ರ ಓದಿ ಮುಗಿಸುವುದರೊಳಗೆ ಎದ್ದು ಚಪ್ಪಲಿ ಹುಡುಕತೊಡಗಿದರು. ಅಮ್ಮಿ ಅತ್ತಳು, ಕಣ್ಣು ಕಾಣದೆ ಮುಂಬಯಿಗೆ ಹೋಗುವುದು ಹೇಗೆ ಎಂದಳು. ಅಬ್ಬಾ, ಗಾಡಿಗೆ ಕಣ್ಣು ಇದೆಯಲ್ಲ ಎಂದರು. ನಾನು ಬಾಲಪ್ಪ ಕಾಕಾನ ವಿಳಾಸವನ್ನು ಒಂದು ಬಿಳಿ ಬಟ್ಟೆಯ ಮೇಲೆ ಕಪ್ಪು ದಾರದಲ್ಲಿ ಹೊಲಿದು ಅವರ ಎದೆಗೆ ಹಚ್ಚಿದ್ದೇನೆ, ಕಾಗದವಾದರೆ ಕಳೆದುಕೊಳ್ಳುತ್ತಾರೆ. ಕನ್ನಡದಲ್ಲೂ ಉರ್ದುವಿನಲ್ಲೂ ಹೊಲಿದಿದ್ದೇನೆ. ಇಂಗ್ಲಿಷನ್ನು ಯಾದಗಿರಿಗೆ ಜೊತೆಗೆ ಹೋಗಿ ಸ್ಟೇಷನ್ ಮಾಸ್ತರರಿಂದ ಬರೆಯಿಸಿ, ಅಲ್ಲೇ ಅದರ ಮೇಲೆ ದಾರ ಹೊಡೆದೆ. ಸಿಕಂದರ ಚಾಚಾ ಗಾಡಿಯೊಳಗೆ ಕೂರಿಸಿ ಬಂದ.

ಶೇಖಮ್ಮ ಅವ್ವನಿಗೆ ಡಬ್ಬಿಯ ಸಂಗತಿ ಗೊತ್ತಾಗಿದೆ. ಅಬ್ಬಾ ಹೇಳಬಾರದೆಂದೇ ಹೋದರು, ಹೇಳಿಬಿಟ್ಟರು. ಅವ್ವ ಒಂದು ದಿನ ಊಟ ಮಾಡಲಿಲ್ಲ. ಮರುದಿನ ಎದ್ದು, ಡಾಕ್ಟರು ಏನು ಹೇಳ್ತಾರೋ ಅದನ್ನೇ ಮಾಡಲಿ, ನಾನು ಇಲ್ಲಿ ಮೌನೇಶ್ವರನಿಗೆ ಹೇಳಿಕೊಳ್ಳುತ್ತೇನೆ, ಅಲ್ಲಿಯ ಕೆಲಸ ಅವರದು ಎಂದರು.

ನೀವು ಭಾನುವಾರ ಹೊರಟುಬಿಟ್ಟರೆ ಅಬ್ಬಾ ಅಲ್ಲಿ ಒಬ್ಬರೇ ಆಗುತ್ತಾರೆ. ಅದಕ್ಕಾದರೂ ಹೊರಡಬೇಡಿರಿ.

ಅನ್ವರಬಿ


ಪರೇಲ
9 ಜನವರಿ 1945

ಮಗಳೇ ಅನ್ವರಬಿ,

ನಿನ್ನ ತಂದೆ ಕ್ಷೇಮವಾಗಿದ್ದಾರೆ. ನಾನೂ ಇಲ್ಲೇ ಇದ್ದೇನೆ.

ಶುಕ್ರವಾರ ಸಂಜೆ ಖೋಲಿಯ ಬಾಗಿಲಲ್ಲಿ ಗಲಾಟೆ ಕೇಳಿತು. ನೋಡಿದರೆ ನಿನ್ನ ತಂದೆ, ಜೊತೆಗೆ ಒಬ್ಬ ಪೊಲೀಸ, ಒಬ್ಬ ಹಾಲಿನವ, ಹೆಸರು ತಿಳಿಯದ ಇಬ್ಬರು. ಎದೆಯ ಮೇಲಿನ ಹೊಲಿಗೆಯನ್ನು ಓದುತ್ತ ಓದುತ್ತ ಒಬ್ಬರಿಂದ ಒಬ್ಬರಿಗೆ ಕೈ ದಾಟಿಸಿ ತಂದು ಬಿಟ್ಟಿದ್ದರು. ಒಳಗೆ ಬಂದವನೇ ನನ್ನ ಮುಖವನ್ನು ಮುಟ್ಟಿ ನೋಡಲು ಕೈ ಚಾಚಿದ. ಕುತ್ತಿಗೆಯ ಹತ್ತಿರ ಬಂದಾಗ ಕೈ ತಾನೇ ನಿಂತಿತು.

ನಾನು ಟಿಕೆಟು ತೋರಿಸಿದೆ. ಕಾಣುವುದಿಲ್ಲ ಎಂಬುದು ನನಗೆ ಗೊತ್ತಿಲ್ಲವೆಂದು ಅವನು ತಿಳಿದಿದ್ದನಲ್ಲ, ಹಿಡಿದು ಓದುವವನಂತೆ ತಲೆಯಾಡಿಸಿದ. ಟಿಕೆಟು ತಲೆಕೆಳಗಿತ್ತು. ಅಲ್ಲಿಗೆ ನನ್ನಿಂದ ತಡೆಯಲಾಗಲಿಲ್ಲ.

"ಅಮೀನಸಾಬ, ನಿನ್ನ ಕಣ್ಣಿನ ಸಂಗತಿ ನನಗ ಗೊತ್ತೈತಿ," ಎಂದೆ. "ಅವತ್ತ ಅಂಥಾ ಮಾತು ಅಂದೆ. ನಾ ಕೇಳಬೇಕಾಗಿತ್ತು. ಕೇಳಲಿಲ್ಲ."

ಅವನು ಟಿಕೆಟನ್ನು ನನ್ನ ಕೈಗೆ ತಿರುಗಿ ಕೊಟ್ಟ. ಹೇಳಿದ್ದು ಯಾರೆಂದು ಕೇಳಲಿಲ್ಲ, ನೀನು ಹೆದರಬೇಡ. ಆಮೇಲೆ ಅಂದ, "ನಾಕು ವರ್ಷ ನಿನ್ನ ಮ್ಯಾಲ ಸಿಟ್ಟು ಇಟ್ಕೊಂಡು ಬಂದೀನಿ ಮಾಸ್ತರ. ನೀ ಹೋದಿ ಅಂದ್ರ ಅದನ್ನ ಯಾರ ಮ್ಯಾಲ ಹಾಕ್ಲಿ? ಎಂಟ ದಿನ ಉಳದಾವ. ನಾ ಹೊರಗ ಬೆಂಚಿನ ಮ್ಯಾಲ ಕೂಡ್ತೀನಿ. ನೀ ಒಳಗ ಹೋಗಿ ಬಾ."

ಇಷ್ಟೇ ಮಾತು. ಭಾನುವಾರದ ಗಾಡಿ ನಾನಿಲ್ಲದೆ ಹೋಯಿತು. ಬಾಲಪ್ಪ ಟಿಕೆಟನ್ನು ಗಿರಣಿಯ ಯಾರಿಗೋ ಕೊಟ್ಟ.

ಈ ಹನ್ನೊಂದು ದಿನ ನರ್ಸಬಾಯಿ ಹೇಳಿದ ಹಾಗೆ ನಡೆದುಕೊಂಡೆ. ಸೋರುವ ಜಾಗಕ್ಕೆ ನೇರಳೆ ಔಷಧವನ್ನು ಹತ್ತಿಯಿಂದ ಒತ್ತಿ ಇಡುತ್ತಾಳೆ, ಉಜ್ಜುವುದಿಲ್ಲ. ಅದರ ಮೇಲೆ ತೆಳುವಾದ ಬಟ್ಟೆ, ಅಂಟದ ಹಾಗೆ. ಉಳಿದ ಹೊತ್ತು ಗಾಳಿಗೆ ಬಿಟ್ಟಿರುತ್ತೇನೆ. ನಿನ್ನ ತಂದೆ ಬೀಸಣಿಗೆ ಹಿಡಿದು ಕೂರುತ್ತಾನೆ, ಕಣ್ಣು ಕಾಣದಿದ್ದರೂ ಗಾಳಿಯನ್ನು ಸರಿಯಾಗಿ ಉರಿಯುವ ಜಾಗಕ್ಕೇ ಕಳಿಸುತ್ತಾನೆ. ಅನ್ನದ ಗಂಜಿಯನ್ನು ಆರಿಸಿ ಚಮಚದಿಂದ ಇಷ್ಟಿಷ್ಟೇ ಕುಡಿಸುತ್ತಾನೆ. ನಿನ್ನೆ ಡಾಕ್ಟರರು ನೋಡಿ, ಚರ್ಮ ಕೂಡಿಕೊಂಡಿದೆ ಎಂದು ಹೊಸ ಚೌಕ ಬರೆದರು. ಇಪ್ಪತ್ತಮೂರು ನಿನ್ನೆ, ಇಪ್ಪತ್ತನಾಲ್ಕು ಇವತ್ತು.

ಬೆಂಚಿನವರಿಗೆಲ್ಲ ನಿನ್ನ ತಂದೆಯ ಗುರುತಾಗಿದೆ. ಅಳತೆಯನ್ನು ಸುತಳಿಯಿಂದ ತೆಗೆದದ್ದಕ್ಕೆ ನನ್ನನ್ನು ಬೈದು, ಗೇಣಿನಿಂದ ಎಲ್ಲರದೂ ಮತ್ತೆ ತೆಗೆದ. ನಾಲ್ಕಲ್ಲ, ಈಗ ಒಂಬತ್ತು. ನಾಳೆ ದವಾಖಾನೆ ಮುಗಿದ ಮೇಲೆ ಅವನನ್ನು ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಬರುವುದಿಲ್ಲ ಎನ್ನುತ್ತಿದ್ದಾನೆ. ಬರುತ್ತಾನೆ.

ನಿನ್ನ ಮಾಸ್ತರ,
ಮಹಾದೇವಪ್ಪ


ಮುಂಬಯಿ
12 ಜುಲೈ 1945

ಮಗಳೇ ಅನ್ವರಬಿ,

ಉಳಿದ ಎಂಟನ್ನೂ ಮುಗಿಸಿ ಊರಿಗೆ ಮರಳಿದ್ದ ನಾವು ಮತ್ತೆ ಮುಂಬಯಿಗೆ ಬಂದು ವಾರವಾಯಿತು. ಮೊದಲು ನಿನ್ನ ತಂದೆಯ ಸುದ್ದಿ. ಜನವರಿಯಲ್ಲಿ ಪೊರೆ ಹಣ್ಣಾಗಲಿ ಎಂದಿದ್ದ ಕಣ್ಣಿನ ಡಾಕ್ಟರರು ಸೋಮವಾರ ಎಡಗಣ್ಣಿನ ಪೊರೆ ತೆಗೆದರು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲುಗಬಾರದೆಂದು ಎರಡು ಕಡೆ ಮರಳಿನ ಚೀಲ ಇಟ್ಟು ಮಲಗಿಸಿದ್ದಾರೆ. ತಲೆ ಅಲುಗುವುದಿಲ್ಲ, ಬಾಯಿ ಅಲುಗುತ್ತದೆ. ಪಟ್ಟಿಯ ಹೊಲಿಗೆ ಚೆನ್ನಾಗಿಲ್ಲ ಎಂದು ಅಲ್ಲಿಯವರಿಗೆ ಹೇಳಿದ್ದಾನಂತೆ. ಕಣ್ಣು ಚೆನ್ನಾಗಿದೆ, ಬರುವ ವಾರ ಬಿಚ್ಚಿ ಕನ್ನಡಕ ಕೊಡುತ್ತೇವೆ, ದೂರದ್ದು ಕಾಣುತ್ತದೆ, ಸೂಜಿಯ ಮಾತು ಆಗ ನೋಡೋಣ ಎಂದಿದ್ದಾರೆ. ಅಮ್ಮಿಗೆ ಇದನ್ನು ಎರಡು ಸಲ ಓದಿ ಹೇಳು.

ಇನ್ನು ನನ್ನದು. ನಿನ್ನೆ ಡಾಕ್ಟರರು ಮತ್ತೆ ಗಂಟಲಲ್ಲಿ ಕನ್ನಡಿ ಇಳಿಸಿದರು. ಬಹಳ ಹೊತ್ತು ನೋಡಿದರು. ಆಮೇಲೆ ಇನ್ನೊಬ್ಬ ಡಾಕ್ಟರರನ್ನು ಕರೆದು ತೋರಿಸಿದರು. ಕಡೆಗೆ ಕನ್ನಡಿ ತೆಗೆದು, ಗಂಟು ಕಾಣುವುದಿಲ್ಲ, ಆರು ತಿಂಗಳು ಬಿಟ್ಟು ಮತ್ತೆ ಬರಬೇಕು, ಐದು ವರ್ಷ ಹೀಗೇ ಬರುತ್ತಿರಬೇಕು ಎಂದರು. ಪೂರ್ತಿ ಹೋಯಿತೇ ಎಂದು ಕೇಳಿದೆ. ಇವತ್ತು ಇಲ್ಲ ಎಂದರು. ಇವತ್ತಿನದು ಸಾಕೆನಿಸಿತು. ಬಾಲಪ್ಪ ಅರ್ಧ ಸೇರು ಪೇಡೆ ತಂದ. ನಾನು ಹಾಲಿನಲ್ಲಿ ಕರಗಿಸಿ ಕುಡಿದೆ.

ನೀನು ಹೊಲಿದ ಹದಿನಾಲ್ಕು ಅಂಗಿಗಳ ಗಂಟನ್ನು ನರ್ಸಬಾಯಿಗೆ ಕೊಟ್ಟೆ. ಹೆಂಗಸರಿಗೆಂದು ನೀನು ಬೇರೆ ನಮೂನೆಯಲ್ಲಿ ಹೊಲಿದ ನಾಲ್ಕನ್ನು ಆಕೆ ಮೊದಲು ಎತ್ತಿಟ್ಟುಕೊಂಡಳು. ಜನವರಿಯ ಬೆಂಚಿನವರಲ್ಲಿ ಇಬ್ಬರು ಸಿಕ್ಕರು. ಮತ್ತೊಬ್ಬರ ವಿಷಯ ಕೇಳಿದೆ, ನರ್ಸಬಾಯಿ ಅಂಗಿ ಎಣಿಸತೊಡಗಿದಳು. ನಾನೂ ಜೊತೆಗೆ ಎಣಿಸಿದೆ.

ಬೆಂಚಿನ ತುದಿಯಲ್ಲಿ ಒಬ್ಬ ಹೊಸಬ ಕೂತಿದ್ದ. ಸೋಲಾಪುರದ ಮಗ್ಗದವನಂತೆ, ಮರಿಲಿಂಗಪ್ಪ ಎಂದು ಹೆಸರು, ನಮ್ಮ ಮಾತು ಬಲ್ಲವ. ಅಂಗಿಯ ಗುಂಡಿಯನ್ನು ಗಂಟಲವರೆಗೆ ಹಾಕಿಕೊಂಡು ಕೈಯನ್ನು ಅಲ್ಲೇ ಹಿಡಿದಿದ್ದ. ಕುತ್ತಿಗೆಯ ಮೇಲೆ ಚೌಕ ಬರೆಯಿಸಿಕೊಂಡು ಮೂರು ದಿನದಿಂದ ಬಂದು ಕೂತು ಎದ್ದು ಹೋಗುತ್ತಿದ್ದಾನೆ, ಒಳಗೆ ಹೋಗುತ್ತಿಲ್ಲ ಎಂದು ನರ್ಸಬಾಯಿ ನನಗೆ ಕಣ್ಣಲ್ಲೇ ತೋರಿಸಿದಳು.

ಪಕ್ಕಕ್ಕೆ ಹೋಗಿ ಕೂತೆ. ಅವನು ನನ್ನ ಕುತ್ತಿಗೆ ನೋಡಿ ಕೇಳಿದ, "ಸುಡತೈತಿ ಅಂತಾರಲ್ರಿ. ಖರೇನ?"

ಇಲ್ಲ ಎಂದು ಹೇಳುವುದು ಸುಲಭವಿತ್ತು. "ಖರೇ ಅದ," ಎಂದೆ. "ಮೂರನೇ ವಾರಕ್ಕ ಉರಿ ಚಾಲೂ ಆಗತೈತಿ. ಐದನೇ ವಾರಕ್ಕ ಎದ್ದು ಓಡಿ ಹೋಗಬೇಕು ಅನಸತೈತಿ. ನಾ ಟಿಕೆಟ ತಗೊಂಡಿದ್ದೆ."

ಆಮೇಲೆ ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ನೀರು ಮುಟ್ಟಿಸಬೇಡ, ಮನೆಯಿಂದ ಯಾರು ಎಷ್ಟು ಪ್ರೀತಿಯಿಂದ ಏನು ಕಳಿಸಿದರೂ ನರ್ಸಬಾಯಿಗೆ ತೋರಿಸದೆ ಹಚ್ಚಬೇಡ, ತುರಿಕೆ ಬಂದರೆ ಕೈಗೆ ಏನಾದರೂ ಕೆಲಸ ಕೊಡು, ಬಿಸಿಲಿಗೆ ಕೊಡೆ ಹಿಡಿ, ಸೋರಿದರೆ ಮುಚ್ಚಿಡದೆ ಅದೇ ದಿನ ತೋರಿಸು ಎಂದೆ. ನನ್ನ ದನಿ ಇನ್ನೂ ಒರಟಾಗಿದೆಯಲ್ಲ, ಅವನು ಬಗ್ಗಿ ಬಗ್ಗಿ ಕೇಳಿದ. ಹೊಸ ಅಂಗಿಯನ್ನು ಅವನ ಮಡಿಲಲ್ಲಿಟ್ಟೆ. ಮಗ್ಗದವನಲ್ಲವೇ, ಬಟ್ಟೆಯನ್ನು ಬೆರಳುಗಳ ನಡುವೆ ಹಿಡಿದು ಹಳೇ ನೂಲು, ಛಲೋ ನೂಲು ಎಂದ. ಆದರೂ ಗುಂಡಿ ಬಿಚ್ಚಲಿಲ್ಲ. ಅವನ ಕಣ್ಣು ನನ್ನ ಕುತ್ತಿಗೆಯ ಮೇಲೇ ಇತ್ತು.

"ಮುಟ್ಟಿ ನೋಡು," ಎಂದೆ.

ಅನ್ವರಬಿ, ಡಿಸೆಂಬರಿನಿಂದ ಆ ಜಾಗವನ್ನು ನರ್ಸಬಾಯಿಯ ಹತ್ತಿ ಬಿಟ್ಟರೆ ಯಾರೂ ಮುಟ್ಟಿರಲಿಲ್ಲ. ಶೇಖಮ್ಮ ಕೂಡ ಹೆದರುತ್ತಾಳೆ. ಅವನು ಮೊದಲು ಒಂದು ಬೆರಳನ್ನು ಇಟ್ಟ. ನಾನು ಅಲುಗಲಿಲ್ಲ. ಆಮೇಲೆ ನಾಲ್ಕೂ ಬೆರಳನ್ನು ಇಟ್ಟು, ಮಗ್ಗದಿಂದ ಇಳಿಸಿದ ಬಟ್ಟೆಯ ಮೇಲೆ ಕೈಯಾಡಿಸುವ ಹಾಗೆ ಕಿವಿಯ ಕೆಳಗಿನಿಂದ ಹೆಗಲವರೆಗೆ ನಿಧಾನವಾಗಿ ಎಳೆದ. ಬಣ್ಣ ಸ್ವಲ್ಪ ಕಪ್ಪು, ಉಳಿದಂತೆ ಮೆತ್ತಗಿದೆ ಎಂದ. ಒಳಗಿನಿಂದ ಅವನ ಹೆಸರು ಕರೆದರು. ಗುಂಡಿ ಬಿಚ್ಚುತ್ತ ಎದ್ದು ಹೋದ.

ಆಶೀರ್ವಾದಗಳೊಂದಿಗೆ,
ನಿನ್ನ ಮಾಸ್ತರ,
ಮಹಾದೇವಪ್ಪ